ಗಾಂಧಾರದ ಹತ್ತಿರ ಬಂದರೆ ಮಗಳು ಅಳುತ್ತಾಳೆ

ಸರಸ್ವತಿಪುರಂ ತಾಯಿ · ಭಾನುವಾರ ರಾತ್ರಿ

ಮಗಳಿಗೆ ಆರು ವರ್ಷ. ವಿಜಯದಶಮಿಯಂದು ಪಿಟೀಲು ಪಾಠಕ್ಕೆ ಸೇರಿಸಿದೆವು. ನಾವು ಹೇರಿದ್ದಲ್ಲ, ಅವಳೇ ಕೇಳಿದ್ದು. ಎಲ್ಲರೂ ಮೊದಲು ಅದನ್ನೇ ವಿಚಾರಿಸುವುದರಿಂದ ಮುಂಚೆಯೇ ಹೇಳಿಬಿಟ್ಟೆ. ಇಲ್ಲೇ ಮೈಸೂರಿನ ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗೆ ಕರೆದುಕೊಂಡು ಹೋಗಿದ್ದಾಗ ಹಾಡುವವರ ಕಡೆ ತಿರುಗಿಯೂ ನೋಡದೆ ಪಕ್ಕವಾದ್ಯದವರ ಕಮಾನನ್ನೇ ನೋಡುತ್ತಾ ಕುಳಿತಿದ್ದಳು. ಮನೆಗೆ ಬಂದ ಮೇಲೆ ಎರಡು ಪೊರಕೆ ಕಡ್ಡಿ ಹಿಡಿದು ಒಂದರ ಮೇಲೊಂದು ತಿಕ್ಕುತ್ತಿದ್ದಳು.

ಮೊದಲ ತಿಂಗಳು ಬರೀ ಖಾಲಿ ತಂತಿಯ ಮೇಲೆ ಕಮಾನು ಎಳೆಯುವುದು. ಖುಷಿಯಾಗಿಯೇ ಇದ್ದಳು. ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ, ಶುರುವಾದ ಮೇಲೆ ತೊಂದರೆ ಹತ್ತಿಕೊಂಡಿತು. ಸ, ರಿ ಚೆನ್ನಾಗಿಯೇ ಬರುತ್ತವೆ. ಗ, ಅಂದರೆ ಗಾಂಧಾರ, ಬಂದೊಡನೆ ಸ್ವರ ತಗ್ಗುತ್ತದೆ. ನಾನು ಚಿಕ್ಕಂದಿನಲ್ಲಿ ಸ್ವಲ್ಪ ಹಾಡು ಕಲಿತವಳು, ಸುಮ್ಮನಿರಲು ಆಗುವುದಿಲ್ಲ. "ಗ ಇನ್ನೂ ಮೇಲೆ ಚಿನ್ನ" ಎನ್ನುತ್ತೇನೆ. ಎರಡು ಸಲ ಸರಿಮಾಡಿಕೊಳ್ಳುತ್ತಾಳೆ. ಮೂರನೆಯ ಸಲಕ್ಕೆ ತುಟಿ ನಡುಗುತ್ತದೆ. ನಾಲ್ಕನೆಯ ಸಲಕ್ಕೆ ಕಮಾನು ಚಾಪೆಯ ಮೇಲೆ, ಕಣ್ಣೀರು ಕೆನ್ನೆಯ ಮೇಲೆ. ದಿನವೂ ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಇದೇ ಕಥೆ. ಅತ್ತೆಯವರು "ಆ ಮಗುವಿಗೆ ಯಾಕಮ್ಮ ಈ ಶಿಕ್ಷೆ" ಎನ್ನುತ್ತಾರೆ. ಯಜಮಾನರು ಏನನ್ನೂ ಹೇಳುವುದಿಲ್ಲ, ಮನೆಯಲ್ಲಿ ಹಾಲಿದ್ದರೂ ಹಾಲು ತರಲು ಹೋಗುತ್ತಾರೆ.

ಪಾಠದ ಮನೆಯಲ್ಲಿ ಹದಿನೈದು ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ, ಅಲ್ಲಿ ಅಳುವುದಿಲ್ಲವಂತೆ. ಈಗ ಬಿಡಿಸಿ ಎರಡು ವರ್ಷ ಕಳೆದು ಮತ್ತೆ ಸೇರಿಸಿದರೆ ಆಗುತ್ತದೆಯೇ? ಅನುಭವಸ್ಥರು ಹೇಳಿ.

ಕೆಳಮನೆಯವನು · ಭಾನುವಾರ ರಾತ್ರಿ

ನನಗೆ ಮಕ್ಕಳಿಲ್ಲ, ಆದರೆ ಅನುಭವವಿದೆ. ಮೇಲಿನ ಮನೆಯ ಹುಡುಗ ಎರಡು ವರ್ಷದಿಂದ ಕಲಿಯುತ್ತಿದ್ದಾನೆ. "ಪಿಟೀಲು ಕುಯ್ಯುವುದು" ಎಂಬ ಮಾತು ನಮ್ಮ ಭಾಷೆಗೆ ಯಾಕೆ ಬಂತು ಎಂದು ಮೊದಲ ವರ್ಷದಲ್ಲೇ ಅರ್ಥವಾಯಿತು. ಈಗ ಅವನು ಜಂಟಿ ವರಸೆಯಲ್ಲಿ ಎಲ್ಲಿ ತಪ್ಪುತ್ತಾನೆ ಎಂದು ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಬಿಡಿಸಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ, ಅಷ್ಟೇ.

ಎರಡನೆಯ ಕಾಲ · ಸೋಮವಾರ ಬೆಳಿಗ್ಗೆ

ಅಕ್ಕ, ನಾನು ನಿಮ್ಮ ಮಗಳ ಜಾಗದಲ್ಲಿ ಇದ್ದವಳು. ಏಳರಿಂದ ಹನ್ನೆರಡು ವರ್ಷದವರೆಗೆ ಕಲಿತೆ. ನಮ್ಮ ಅಮ್ಮ ಅಡುಗೆಮನೆಯಿಂದಲೇ ಪಾಠ ಕೇಳುತ್ತಿದ್ದರು. ಕುಕ್ಕರ್ ಕೂಗುವ ಸದ್ದಿನ ನಡುವೆಯೂ "ದ ತಪ್ಪಿತು" ಎಂಬ ಕೂಗು ಬರುತ್ತಿತ್ತು. ಅವರು ಹೇಳುತ್ತಿದ್ದದ್ದು ಸರಿಯೇ, ದ ತಪ್ಪಿಯೇ ಇರುತ್ತಿತ್ತು. ಆದರೆ ಅದು ತಪ್ಪಿತೆಂದು ನಾನಾಗಿ ಕೇಳಿಸಿಕೊಳ್ಳಲು ಅರ್ಧ ನಿಮಿಷವೂ ಸಿಗುತ್ತಿರಲಿಲ್ಲ. ಕೊನೆಕೊನೆಗೆ ನಾನು ನುಡಿಸುವಾಗ ಪಿಟೀಲಿನ ಕಡೆ ಕಿವಿ ಇಡುವುದನ್ನೇ ಬಿಟ್ಟು ಅಡುಗೆಮನೆಯ ಕಡೆ ಇಟ್ಟಿದ್ದೆ. ಜೂನಿಯರ್ ಪರೀಕ್ಷೆ ಒಳ್ಳೆಯ ಅಂಕದಲ್ಲಿ ಪಾಸಾಯಿತು. ಫಲಿತಾಂಶ ಬಂದ ವಾರವೇ ಪಿಟೀಲು ಅಟ್ಟ ಹತ್ತಿತು.

ನಿಮ್ಮ ಮಗಳು ಪಾಠದ ಮನೆಯಲ್ಲಿ ಅಳುವುದಿಲ್ಲ ಎಂದಿರಿ. ಆ ಸಾಲನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ ಎಂದಷ್ಟೇ ಹೇಳುತ್ತೇನೆ. ಬೇಸರಪಟ್ಟುಕೊಳ್ಳಬೇಡಿ.

ಸರಸ್ವತಿಪುರಂ ತಾಯಿ · ಸೋಮವಾರ ಮಧ್ಯಾಹ್ನ

ಬೇಸರವೇನೋ ಆಯಿತು. ಆದರೂ ಓದಿಕೊಂಡೆ.

ನಿಂತು ನುಡಿಸುವವನ ಅಪ್ಪ · ಸೋಮವಾರ ಮಧ್ಯಾಹ್ನ

ನನ್ನ ಮಗ ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಯುತ್ತಿದ್ದಾನೆ, ಏಳು ವರ್ಷ. ಜಪಾನಿನ ಶಿನಿಚಿ ಸುಜುಕಿ ಅವರ ಕ್ರಮದಲ್ಲಿ ಪಾಠ. ಜಪಾನಿನ ಮಕ್ಕಳೆಲ್ಲ ಕಷ್ಟದ ಜಪಾನಿ ಭಾಷೆಯನ್ನು ಲೀಲಾಜಾಲವಾಗಿ ಮಾತನಾಡುವಾಗ ಸಂಗೀತ ಮಾತ್ರ ಯಾಕೆ ಬಾರದು ಎಂಬುದು ಅವರ ಮೂಲ ಪ್ರಶ್ನೆ. ಹಾಗಾಗಿ ಮಗು ಮನೆಯಲ್ಲಿ ಆ ಮಟ್ಟುಗಳನ್ನು ಮಾತೃಭಾಷೆಯಂತೆ ದಿನವೂ ಕೇಳುತ್ತಿರಬೇಕು, ತಾಯಿಯೋ ತಂದೆಯೋ ಪಾಠದಲ್ಲಿ ಜೊತೆಗೆ ಕುಳಿತಿರಬೇಕು, ಸಾಧ್ಯವಾದರೆ ತಾವೂ ಸ್ವಲ್ಪ ನುಡಿಸಲು ಕಲಿಯಬೇಕು. ನಾನು ಕಲಿತೆ. ನನ್ನ ಕಮಾನಿನಿಂದ ಹೊರಟ ಕರ್ಕಶ ಸದ್ದು ಕೇಳಿ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವನಿಗೆ ಹೇಳುವ ದನಿಯೇ ಬದಲಾಯಿತು.

ಒಂದು ಸಂದೇಹ. ನಮ್ಮಲ್ಲಿ ಪುಟ್ಟ ಮಕ್ಕಳಿಗೆ ಬೆರಳಿಡುವ ಕಪ್ಪು ಪಟ್ಟಿಯ ಮೇಲೆ ತೆಳ್ಳನೆಯ ಟೇಪು ಅಂಟಿಸಿ ಜಾಗ ಗುರುತಿಸುತ್ತಾರೆ. ನಿಮ್ಮಲ್ಲಿ ಮಾಡಿಲ್ಲವೇ?

ಹಳೆಯ ಕಮಾನು · ಸೋಮವಾರ ರಾತ್ರಿ

ಟೇಪು, ಚುಕ್ಕಿ, ಸ್ಟಿಕ್ಕರ್ ಯಾವುದೂ ಬೇಡ. ನಲವತ್ತು ವರ್ಷ ಅಗ್ರಹಾರದ ಒಂದು ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೇನೆ. ಚುಕ್ಕಿ ಇಟ್ಟರೆ ಮಗು ಕಣ್ಣಿನಿಂದ ನುಡಿಸುತ್ತದೆ. ನಾಳೆ ಸ್ವರವನ್ನು ಅಲುಗಿಸುವ ಗಮಕ ಬಂದಾಗ ಚುಕ್ಕಿ ಎಲ್ಲಿ ಇಡುತ್ತೀರಿ? ಮೊದಲು ಬಾಯಲ್ಲಿ ಹಾಡಬೇಕು, ಆಮೇಲೆ ಬೆರಳು.

ಅದಿರಲಿ. ತಾಯಿ, ತಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಳು ಅಲ್ಲ, ಅಳು ಬರುವ ಜಾಗ. ಮೂರು ಪ್ರಶ್ನೆಗೆ ಉತ್ತರ ಕೊಡಿ. ಪಿಟೀಲು ಯಾವ ಅಳತೆಯದು? ಕುಳಿತು ಬಲಪಾದದ ಮೇಲೆ ಪಿಟೀಲಿನ ತಲೆ ಇಟ್ಟಾಗ ಮಗುವಿನ ಬೆನ್ನು ನೆಟ್ಟಗಿರುತ್ತದೆಯೇ, ಮುಂದಕ್ಕೆ ಬಾಗುತ್ತದೆಯೇ? ನಿಷಾದದ, ಅಂದರೆ ನಿ ಸ್ವರದ, ಹತ್ತಿರವೂ ಅಳುತ್ತಾಳೆಯೇ?

ಸರಸ್ವತಿಪುರಂ ತಾಯಿ · ಸೋಮವಾರ ರಾತ್ರಿ

ಸರ್, ನಿಷಾದದ ಹತ್ತಿರ ಅಳುವುದಿಲ್ಲ. ಅಲ್ಲಿಯವರೆಗೆ ನಾವು ತಲುಪಿಯೇ ಇಲ್ಲ.

ಪಿಟೀಲು ಅರ್ಧ ಅಳತೆಯದು. ಅಂಗಡಿಯಲ್ಲಿ ಕಾಲು ಅಳತೆಯದೂ ಇತ್ತು. "ಬೆಳೆಯುವ ಮಗು, ಇದನ್ನು ಕೊಂಡರೆ ಆರು ತಿಂಗಳಲ್ಲಿ ಮತ್ತೆ ಬರುತ್ತೀರಿ" ಎಂದರು. ಶಾಲೆಯ ಸಮವಸ್ತ್ರವನ್ನೂ ಎರಡು ಬೆರಳು ಹೆಚ್ಚಿಗೆ ಇಟ್ಟೇ ಹೊಲಿಸುತ್ತೇವಲ್ಲ, ಅದೇ ಲೆಕ್ಕದಲ್ಲಿ ತಂದೆವು. ಬೆನ್ನು ಬಾಗುತ್ತದೆ. ನಾನು ದಿನಕ್ಕೆ ಹತ್ತು ಸಲ "ನೆಟ್ಟಗೆ ಕೂತುಕೋ" ಎನ್ನುತ್ತಿರುತ್ತೇನೆ.

ಹಳೆಯ ಕಮಾನು · ಮಂಗಳವಾರ ಬೆಳಿಗ್ಗೆ

ಹಾಗಿದ್ದರೆ ತಪ್ಪು ಮಗುವಿನದಲ್ಲ, ತಮ್ಮದೂ ಅಲ್ಲ. ಸಮವಸ್ತ್ರದ ತೋಳು ಉದ್ದವಾದರೆ ಮಡಿಸಬಹುದು. ಪಿಟೀಲಿನ ಕುತ್ತಿಗೆಯನ್ನು ಮಡಿಸುವುದು ಹೇಗೆ?

ವಿವರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ನಮ್ಮಲ್ಲಿ ಮೊದಲ ಪಾಠ ಮಾಯಾಮಾಳವಗೌಳ. ಮಕ್ಕಳ ಪಾಠಕ್ಕೆ ಈ ರಾಗವನ್ನು ಗೊತ್ತುಮಾಡಿದವರು ಪುರಂದರದಾಸರು ಎಂಬ ನಂಬಿಕೆ ಪರಂಪರೆಯಿಂದ ಬಂದಿದೆ. ಇದರಲ್ಲಿ ಶುದ್ಧ ರಿಷಭ, ಅಂತರ ಗಾಂಧಾರ, ಅಂದರೆ ರಿ ತಗ್ಗಿನದು, ಗ ಎತ್ತರದ್ದು. ಸ ಖಾಲಿ ತಂತಿ. ರಿ ತಂತಿಯ ಮೇಲ್ತುದಿಗೆ ತೀರ ಹತ್ತಿರ, ತೋರುಬೆರಳು. ಗ ಅಲ್ಲಿಂದ ದೂರ, ನಡುಬೆರಳು. ಮ ಮತ್ತೆ ಗಾಂಧಾರಕ್ಕೆ ಅಂಟಿಕೊಂಡಂತೆ, ಉಂಗುರಬೆರಳು. ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಸ ಬಿಟ್ಟು ರಿ ಒಂದು ಹೆಜ್ಜೆ, ರಿ ಬಿಟ್ಟು ಗ ಮೂರು ಹೆಜ್ಜೆ, ಗ ಬಿಟ್ಟು ಮ ಒಂದು ಹೆಜ್ಜೆ. ಹಾಡುವ ಮಗುವಿಗೆ ಈ ಮೂರು ಹೆಜ್ಜೆ ಭಾರವಲ್ಲ. ಪಿಟೀಲು ಹಿಡಿದ ಮಗು ಆ ಮೂರು ಹೆಜ್ಜೆಯನ್ನು ಎರಡು ಬೆರಳುಗಳ ನಡುವೆ ಅಗಲಿಸಬೇಕು. ಪಿಟೀಲು ದೊಡ್ಡದಾದಷ್ಟೂ ಆ ಹೆಜ್ಜೆಗಳು ದೊಡ್ಡವಾಗುತ್ತವೆ. ತಮ್ಮ ಮಗಳ ಗಾಂಧಾರ ತಗ್ಗುವುದು ಕಿವಿಯ ದೋಷದಿಂದಲ್ಲ, ಬೆರಳು ಅಷ್ಟು ದೂರ ಹೋಗದೆ. ತಾವು ಹೇಳಿದಾಗ ಎರಡು ಸಲ ಸರಿಮಾಡಿಕೊಳ್ಳುತ್ತಾಳಲ್ಲ, ಕಿವಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಮೂರನೆಯ ಸಲಕ್ಕೆ ಕೈ ನೋಯುತ್ತದೆ.

ಪ, ದ, ನಿ, ಮೇಲಿನ ಸ ಕೂಡ ಹಾಗೆಯೇ. ಪ ಖಾಲಿ ತಂತಿ, ದ ಒಂದು ಹೆಜ್ಜೆ, ನಿ ಮೂರು ಹೆಜ್ಜೆ, ಸ ಒಂದು ಹೆಜ್ಜೆ. ಅದಕ್ಕೇ ನಿಷಾದವನ್ನು ಕೇಳಿದೆ.

ನಿಂತು ನುಡಿಸುವವನ ಅಪ್ಪ · ಮಂಗಳವಾರ ಬೆಳಿಗ್ಗೆ

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮಕ್ಕಳ ಮೊದಲ ಸ್ವರಶ್ರೇಣಿ ನಿಮ್ಮ ಶಂಕರಾಭರಣ ರಾಗದಂಥದ್ದು. ಖಾಲಿ ತಂತಿಯಿಂದ ಎರಡು ಹೆಜ್ಜೆ, ಮತ್ತೆ ಎರಡು ಹೆಜ್ಜೆ, ಆಮೇಲೆ ಒಂದು. ಮೂರು ಹೆಜ್ಜೆಯ ಅಗಲಿಕೆ ಆರಂಭದಲ್ಲಿ ಬರುವುದೇ ಇಲ್ಲ. ನಾನು ನಮ್ಮ ಪದ್ಧತಿಯೇ ಮಕ್ಕಳಿಗೆ ಸುಲಭ ಎಂದು ಬೀಗುತ್ತಿದ್ದೆ. ಹಾಗಾದರೆ ನೀವೂ ಶಂಕರಾಭರಣದಿಂದಲೇ ಆರಂಭಿಸಬಹುದಲ್ಲ?

ಹಳೆಯ ಕಮಾನು · ಮಂಗಳವಾರ ಮಧ್ಯಾಹ್ನ

ಕೆಲವರು ಆರಂಭಿಸುತ್ತಾರೆ, ತಕರಾರಿಲ್ಲ. ಆದರೆ ಕೈಗೆ ಸರಿಹೊಂದುವ ಪಿಟೀಲಿದ್ದರೆ ಮಾಯಾಮಾಳವಗೌಳಕ್ಕೆ ಅದರದೇ ಸೊಗಸಿದೆ. ಒಂದು ತಂತಿಯಲ್ಲಿ ಬೆರಳು ಕಲಿತದ್ದು ಪಕ್ಕದ ತಂತಿಯಲ್ಲೂ ಹಾಗೇ ಕೂರುತ್ತದೆ. ಶಂಕರಾಭರಣದಲ್ಲೂ ಕೂರುತ್ತದೆ ಎಂದು ನೀವು ವಾದಿಸಬಹುದು, ನಿಜ. ಆದರೆ ಇಲ್ಲಿ ಒತ್ತಾಗಿರುವುದು ಎಷ್ಟು ಒತ್ತು, ಅಗಲವಾಗಿರುವುದು ಎಷ್ಟು ಅಗಲ ಎಂಬುದು ಆರು ವರ್ಷದ ಕಿವಿಗೂ ಢಾಳಾಗಿ ಕೇಳಿಸುತ್ತದೆ.

ಅಜ್ಜಿ, ಕುವೆಂಪುನಗರ · ಮಂಗಳವಾರ ಮಧ್ಯಾಹ್ನ

ಮೊಮ್ಮಗಳನ್ನು ಪಾಠಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದು. ನಾನು ಪಿಟೀಲು ಚೌಡಯ್ಯನವರ ಕಚೇರಿ ಕೇಳಿದ್ದೇನೆ, ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ, ರಾಮನವಮಿಯ ಚಪ್ಪರದಲ್ಲಿ. ತಿರುಮಕೂಡಲಿನ ಮಗು, ಇಲ್ಲಿ ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ ಪಳಗಿದವರು. ಮೈಕು ಇಲ್ಲದ ಕಾಲದಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ನಾಲ್ಕೇ ತಂತಿಯಲ್ಲಿ ಅಳುವ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅಗಲ ಮಾಡುತ್ತಾರೆ. ನನ್ನ ಮೊಮ್ಮಗಳು "ಏಳಕ್ಕೂ ಶ್ರುತಿ ಮಾಡಬೇಕಾ ಅಜ್ಜಿ?" ಎಂದು ಕೇಳಿದಳು. ಆ ಕಷ್ಟ ಅವಳಿಗೆ ಸರಿಯಾಗಿ ಗೊತ್ತು.

ಕಚೇರಿಗೆ ಕರೆದುಕೊಂಡು ಹೋಗಮ್ಮ, ಆದರೆ ಪೂರ್ತಿ ಕೂರಿಸಬೇಡ. ಕಚೇರಿ ನಡೆಯುವ ಗಾನಭಾರತಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ವರ್ಣ ಮುಗಿದು ಒಂದು ಕೃತಿ ಆಗುವವರೆಗೆ ಕೂರುತ್ತೇವೆ, ತೊಡೆಯ ಮೇಲೆ ನಿದ್ದೆ ಬಂದರೆ ಇನ್ನೂ ಸ್ವಲ್ಪ ಹೊತ್ತು, ಅದು ನನ್ನ ಲಾಭ. ದಸರೆಯಲ್ಲಿ ಅರಮನೆಯ ಮುಂದಿನ ಕಚೇರಿಯಲ್ಲಂತೂ ದೀಪ ನೋಡಲು ಬಂದ ಮಗು ಸಂಗೀತವನ್ನೂ ಕೇಳಿಕೊಂಡು ಹೋಗುತ್ತದೆ.

ನಿನ್ನ ಅತ್ತೆಗೆ ಒಂದು ಮಾತು ಹೇಳು. ಮೊಮ್ಮಗಳು ನುಡಿಸುವಾಗ ಹತ್ತಿರ ಕುಳಿತು ಹೂ ಕಟ್ಟಲಿ. ತಿದ್ದಲು ಬಾರದವರು ಪಕ್ಕದಲ್ಲಿ ಕುಳಿತರೆ ಮಗುವಿಗೆ ಬಲು ಹಿತ.

ಮಂಡ್ಯ ಪ್ಯಾಸೆಂಜರ್ · ಮಂಗಳವಾರ ರಾತ್ರಿ

ಅಜ್ಜಿ ಹೇಳಿದ ಕೊನೆಯ ಮಾತಿಗೆ ನಾನೇ ಉದಾಹರಣೆ. ನನಗೆ ಸ ಯಾವುದು ಪ ಯಾವುದು ಗೊತ್ತಿಲ್ಲ, ಕಬ್ಬಿನ ಲೆಕ್ಕ ಕೇಳಿದರೆ ಹೇಳಿಯೇನು. ಮಗನಿಗೆ ಎಂಟು ವರ್ಷ. ಪ್ರತಿ ಭಾನುವಾರ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕರೆತರುತ್ತೇನೆ. ಸುಮಾರು ನಲವತ್ತೈದು ಕಿಲೋಮೀಟರ್. ಪೆಟ್ಟಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಾನೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಯಾರಾದರೊಬ್ಬರು "ಏನಪ್ಪಾ ಅದರಲ್ಲಿ, ಬಂದೂಕವೇ?" ಎಂದು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ಅವನು ನುಡಿಸುವಾಗ ನಾನು ಎದುರಿಗೆ ಕುಳಿತು "ಇವತ್ತು ಯಾವುದು ಕಷ್ಟವಾಯಿತು?" ಎಂದು ಕೇಳುತ್ತೇನೆ. ಅವನು ನನಗೆ ಪಾಠ ಹೇಳುತ್ತಾನೆ. ನನ್ನ ದಡ್ಡತನದಿಂದ ಅವನ ಪಾಠ ಎಷ್ಟೋ ಸಲ ಗಟ್ಟಿಯಾಗಿದೆ.

ಒಂದು ಎಚ್ಚರಿಕೆ, ನನ್ನ ಕೈ ಸುಟ್ಟುಕೊಂಡು ಕಲಿತದ್ದು. ಕಳೆದ ಏಪ್ರಿಲ್‌ನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಪಿಟೀಲು ಬಿಟ್ಟು ಮದುವೆ ಊಟಕ್ಕೆ ಹೋದೆ. ಬಂದು ನೋಡಿದರೆ ಪಕ್ಕದ ಕೂಡು ಬಾಯಿ ಬಿಟ್ಟಿತ್ತು. ಗಾಬರಿಯಿಂದ ಮನೆಯಲ್ಲಿದ್ದ ಬಿಳಿ ಅಂಟು ಹಾಕಲು ಹೊರಟಿದ್ದೆ. ರಿಪೇರಿ ಮಾಡುವವರು ಫೋನಿನಲ್ಲೇ ಬೈದು ತಡೆದರು. ಪಿಟೀಲಿಗೆ ಹಾಕುವುದು ಚರ್ಮದಿಂದ ತೆಗೆದ ಹಳೆಯ ಕಾಲದ ಅಂಟಂತೆ. ಮರ ಹಿಗ್ಗಿ ಕುಗ್ಗಿದಾಗ ಹಲಗೆ ಸೀಳುವ ಬದಲು ಕೂಡು ಬಿಡಲಿ ಎಂದೇ ಅದನ್ನು ಬಳಸುತ್ತಾರಂತೆ. ಬಿಳಿ ಅಂಟು ಹಾಕಿದ್ದರೆ ಮುಂದಿನ ಸಲ ಹಲಗೆಯೇ ಸೀಳುತ್ತಿತ್ತು.

ಇಲ್ಲಿ ಬರೆಯಲು ನಿಜವಾದ ಕಾರಣ ಬೇರೆ. ಮಗನ ಕಾಲು ಅಳತೆಯ ಪಿಟೀಲು ಅವನಿಗೆ ಚಿಕ್ಕದಾಗುತ್ತಿದೆ. ಅರ್ಧ ಅಳತೆಯದು ಹುಡುಕುತ್ತಿದ್ದೇನೆ. ಮೇಡಂ, ಅರ್ಥವಾಯಿತಲ್ಲ?

ಕೆಳಮನೆಯವನು · ಮಂಗಳವಾರ ರಾತ್ರಿ

ಇದು ಜಾತಕ ಕೂಡಿದಂತಾಯಿತು.

ಹಳೆಯ ಕಮಾನು · ಬುಧವಾರ ಬೆಳಿಗ್ಗೆ

ಕೂಡಿಸುವ ಮುಂಚೆ ಅಳತೆ ನೋಡಿ. ಚೀಟಿಯ ಮೇಲೆ ಬರೆದದ್ದನ್ನು ನಂಬಬೇಡಿ, ಟೇಪು ಹಿಡಿಯಿರಿ. ಪಿಟೀಲನ್ನು ಬೋರಲು ಹಾಕಿ ಕುತ್ತಿಗೆ ಬಿಟ್ಟು ಬರೀ ಒಡಲಿನ ಉದ್ದ ಅಳೆದರೆ ಪೂರ್ಣ ಅಳತೆಯದು ಸುಮಾರು 14 ಅಂಗುಲ, ಅರ್ಧದ್ದು ಹನ್ನೆರಡೂವರೆ, ಕಾಲಿನದು 11. ಅರ್ಧ ಎಂದರೆ ಅರ್ಧ ಉದ್ದ ಎಂದು ತಿಳಿಯುವವರೇ ಹೆಚ್ಚು, ಹಾಗಲ್ಲ. ಮಗು ಎಡಗೈ ಮುಂದೆ ಚಾಚಿ ಪಿಟೀಲನ್ನು ಕತ್ತಿನ ಹತ್ತಿರ ಹಿಡಿದಾಗ ಅದರ ಸುರುಳಿ ತಲೆ ಅಂಗೈಯಲ್ಲಿ ಕೂರಬೇಕು, ಮೊಣಕೈ ಇನ್ನೂ ತುಸು ಬಾಗಿರಬೇಕು. ಬೆರಳ ತುದಿಯಷ್ಟೇ ತಾಗಿದರೆ ಅದು ದೊಡ್ಡದು. ಕುಳಿತು ನುಡಿಸುವ ನಮಗೂ ಈ ಪರೀಕ್ಷೆ ಸಲ್ಲುತ್ತದೆ.

ಇನ್ನೊಂದು. ಕಾಲು ಅಳತೆಯ ಪಿಟೀಲನ್ನು ದೊಡ್ಡವರ ಶ್ರುತಿಗೆ ಇಳಿಸಬೇಡಿ. ತಂತಿ ಗಿಡ್ಡವಾದ್ದರಿಂದ ಸಡಿಲವಾಗಿ ನಾದವೇ ಏಳುವುದಿಲ್ಲ. ಒಂದೆರಡು ಸ್ವರ ಏರಿಸಿದರೆ ಮಗುವಿನ ಕಂಠಕ್ಕೂ ಹೊಂದುತ್ತದೆ, ಹಾಡುತ್ತಲೇ ನುಡಿಸಬಹುದು. ಕಮಾನೂ ಅದೇ ಅಳತೆಯದಿರಲಿ. ತಂತಿಯನ್ನು ಎತ್ತಿ ಹಿಡಿಯುವ ಮರದ ಕುದುರೆಯಿಂದಾಗಿ ತಂತಿ ತೀರ ಎತ್ತರದಲ್ಲಿದ್ದರೆ ಬೆರಳು ಒತ್ತಿ ಒತ್ತಿ ಕೆಂಪಾಗುತ್ತದೆ, ರಿಪೇರಿಯವರಿಗೆ ತೋರಿಸಿ ತಗ್ಗಿಸಿಕೊಳ್ಳಿ. ಇದೆಲ್ಲ ಸರಿಯಾದ ಮೇಲೂ ಅತ್ತರೆ ಆಗ ಬಿಡಿಸುವ ಮಾತು.

ಎರಡನೆಯ ಕಾಲ · ಬುಧವಾರ ಬೆಳಿಗ್ಗೆ

ಇದನ್ನೆಲ್ಲ ಓದಿ ಅಟ್ಟದಿಂದ ನನ್ನ ಪಿಟೀಲು ಇಳಿಸಿ ಅಳೆದೆ. ಏಳು ವರ್ಷದವಳಿಗೆ ಕೊಡಿಸಿದ್ದು, ಒಡಲಿನ ಉದ್ದ ಹದಿಮೂರು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಮುಕ್ಕಾಲು. ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು "ಬೆಳೆಯುತ್ತೀಯ ಎಂದುಕೊಂಡಿದ್ದೆವು" ಎಂದರು.

ಸರಸ್ವತಿಪುರಂ ತಾಯಿ · ಬುಧವಾರ ರಾತ್ರಿ

ಟೇಪು ಹಿಡಿದೆ, ನಮ್ಮದು ಹನ್ನೆರಡೂವರೆ ಅಂಗುಲ. ಸುರುಳಿ ತಲೆ ಅವಳ ಬೆರಳ ತುದಿಗೆ ತಾಗುತ್ತದೆ, ಅಷ್ಟೇ. ಭಾನುವಾರ ಮೈಸೂರು ರೈಲು ನಿಲ್ದಾಣದಲ್ಲಿ ಮಂಡ್ಯದವರನ್ನು ಭೇಟಿಯಾಗುತ್ತೇವೆ. ಮಾರಾಟವಲ್ಲ, ಅದಲುಬದಲು. ನಮ್ಮವಳು ಬೆಳೆದಾಗ ಅವರ ಮಗ ಮುಕ್ಕಾಲಿಗೆ ಹೋಗಿರುತ್ತಾನೆ, ಆಗ ನಮ್ಮದು ನಮಗೆ ವಾಪಸ್ಸು.

ಸರಸ್ವತಿಪುರಂ ತಾಯಿ · ಶಿವರಾತ್ರಿಯ ಮರುದಿನ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪಿಟೀಲು ಬದಲಾದ ದಿನವೇ ಅಳು ನಿಂತಿತು ಎಂದು ಬರೆಯಲು ಆಸೆ. ನಿಲ್ಲಲಿಲ್ಲ. ಮೊದಲ ವಾರ ಅಭ್ಯಾಸಬಲದಿಂದ ಗಾಂಧಾರ ಬಂದೊಡನೆ ನನ್ನ ಮುಖ ನೋಡಿ ತುಟಿ ಉಬ್ಬಿಸುತ್ತಿದ್ದಳು. ನನಗೂ ಬಾಯಿ ಮುಚ್ಚಿಕೊಂಡು ಕೂರಲು ಆಗುತ್ತಿರಲಿಲ್ಲ. ಕೊನೆಗೆ ಆ ಹೊತ್ತಿಗೆ ಹಾಲು ತರುವ ಕೆಲಸ ನಾನು ವಹಿಸಿಕೊಂಡೆ. ಅತ್ತೆಯವರು ಹೂ ಕಟ್ಟುತ್ತಾ ಕೂರುತ್ತಾರೆ. ಬೆಳಿಗ್ಗೆ ವ್ಯಾನ್ ಬರುವ ಮುಂಚೆ ಹತ್ತು ನಿಮಿಷ, ಸಂಜೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ.

ಮೊನ್ನೆ ಹಾಲು ತೆಗೆದುಕೊಂಡು ಗೇಟು ತೆರೆಯುವಾಗ ಒಳಗಿಂದ ಕೂಗಿದಳು. "ಅಮ್ಮಾ, ಪಕ್ಕದ ತಂತಿಯಲ್ಲೂ ಬೆರಳು ಅದೇ ಜಾಗ! ಯಾರಿಗೂ ಗೊತ್ತಿಲ್ಲ!" ಪ ದ ನಿ ಸ ತಾನಾಗಿ ನುಡಿಸಿಕೊಂಡಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ನಿಷಾದ ಸ್ವಲ್ಪ ತಗ್ಗಿತ್ತು. ನಾನು ಹಾಲು ಕಾಯಿಸಲು ಹೋದೆ.

ಈಗೊಂದು ಹೊಸ ತೊಂದರೆ. ಬಿಸಿಲು ಏರುತ್ತಿದ್ದಂತೆ ತಂತಿ ಬಿಗಿಯುವ ಬಿರಡೆ ನಿಲ್ಲುತ್ತಿಲ್ಲ, ಶ್ರುತಿ ಮಾಡಿ ಕೈ ಬಿಟ್ಟರೆ ಸರ್ರನೆ ತಿರುಗಿಬಿಡುತ್ತದೆ. ಏನು ಮಾಡಲಿ?

ಹಳೆಯ ಕಮಾನು · ಅದೇ ರಾತ್ರಿ

ಒಣಹವೆಗೆ ಮರ ಕುಗ್ಗಿದೆ. ಬಿರಡೆ ಹೊರಗೆಳೆದು ಸೀಮೆಸುಣ್ಣ ಸವರಿ, ತಿರುಗಿಸುವಾಗಲೇ ಒಳಕ್ಕೆ ಒತ್ತಿ. ಒಂದೊಂದೇ ಬಿರಡೆ ತೆಗೆಯಿರಿ. ನಾಲ್ಕೂ ಒಟ್ಟಿಗೆ ಸಡಿಲಿಸಿದರೆ ಕುದುರೆ ಮಗುಚಿ ಬೀಳುತ್ತದೆ. ಮಳೆಗಾಲದಲ್ಲಿ ಇದೇ ಬಿರಡೆ ಬಿಗಿದುಕೊಂಡು ತಿರುಗುವುದಿಲ್ಲ, ಆಗ ಪೆನ್ಸಿಲ್ ಸೀಸ ಸವರಬೇಕು.

ಮಂಡ್ಯ ಪ್ಯಾಸೆಂಜರ್ · ಅದೇ ರಾತ್ರಿ

ಮೇಡಂ, ಆ ಪೆಟ್ಟಿಗೆಯ ಮೂಲೆಯ ಖಾನೆಯಲ್ಲೇ ಒಂದು ತುಂಡು ಸೀಮೆಸುಣ್ಣ ಇದೆ ನೋಡಿ. ಮಗ ಶಾಲೆಯಿಂದ ತಂದಿಟ್ಟಿದ್ದ. ರೋಸಿನ್ ಎಂದು ತಿಳಿದು ಕಮಾನಿಗೆ ಮಾತ್ರ ಹಚ್ಚಬೇಡಿ, ಅದನ್ನೂ ನಾವು ಮಾಡಿ ನೋಡಿದ್ದೇವೆ.